ಹತ್ತಕ್ಕೆ ಎಷ್ಟು ಸುಖ

ಹೊಸ ಸೀಟಿನಲ್ಲಿ ಕುಳಿತ ಕೂಡಲೇ ವಾಗ್ದೇವಿಗೆ ತಾನು ಯಾರದೋ ಮಡಿಲಲ್ಲಿ ಹೋಗಿ ಕುಳಿತೆನೇನೋ ಎಂದು ಗಾಬರಿಯಾಯಿತು. ಸೀಟು ಅಷ್ಟು ಮೆತ್ತಗಿತ್ತು. ನಲವತ್ತೆಂಟು ವರ್ಷ ಬೆಂಚು, ಮಣೆ, ಮೆಟ್ಟಿಲು, ಕೊನೆಗೆ ಆಫೀಸಿನ ಕೈಮುರಿದ ಕುರ್ಚಿಯ ಮೇಲೆ ಕುಳಿತು ಪಳಗಿದ ಅವಳ ಬೆನ್ನಿಗೆ ಈ ಮೆತ್ತಗಿನದರ ಮೇಲೆ ನಂಬಿಕೆ ಬರಲಿಲ್ಲ. ಸೀಟಿಗೆ ತನ್ನ ಭಾರ ತಿಳಿಯಬಾರದು ಎಂಬಂತೆ ನೆಟ್ಟಗೆ ಕುಳಿತಳು. ತಲೆಯ ಮೇಲೆ ಪುಟ್ಟ ಫ್ಯಾನೊಂದು ಅವಳ ನೆತ್ತಿಗೆ ಮಾತ್ರ ಗಾಳಿ ಊದುತ್ತಿತ್ತು. ಮುಂದಿನ ಸೀಟಿನ ಬೆನ್ನಿನ ಜಾಳಿಗೆಯಲ್ಲಿ ನೀರಿನ ಬಾಟಲಿ, ಕಡಲೆ ಚಿಕ್ಕಿ, ವಾಂತಿ ಬಂದರೆ ಇರಲಿ ಎಂದು ಮಡಚಿಟ್ಟ ಚೀಲ. ಚೀಲದ ಮೇಲೆ ‘ನಿಮ್ಮ ಸುಖವೇ ನಮ್ಮ ಸುಖ’ ಎಂದು ಅಚ್ಚು ಹಾಕಿಸಿದ್ದರು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಎಂಟು ಗಂಟೆ. ‘ಸುಖಾಸನ’ ಬಸ್ಸಿನ ಮೂತಿಗೆ ಗೊಂಡೆ ಹೂವಿನ ಮಾಲೆ ಬಿದ್ದಿತ್ತು, ಇವತ್ತಿನಿಂದ ಬೆಳ್ತಂಗಡಿಯವರೆಗೆ ‘ಆತ್ಮೀಯ ಸೇವೆ’ ಶುರು ಎಂದು ಬ್ಯಾನರು ಹೇಳುತ್ತಿತ್ತು. ಎಲ್ಲರ ಹಾಗೆ ಕುಳಿತು, ಎಲ್ಲರ ಹಾಗೆ ಇಳಿದು, ಸಂಜೆಯೊಳಗೆ ಫಾರ್ಮು ತುಂಬಿಸಿ ಕೊಡಬೇಕು ಎಂದು ಆಫೀಸಿನಿಂದ ಅವಳನ್ನು ಕಳುಹಿಸಿದ್ದರು. ಸೀಟು ಹತ್ತಕ್ಕೆ ಎಷ್ಟು, ಗಾಳಿ ಹತ್ತಕ್ಕೆ ಎಷ್ಟು, ಸಿಬ್ಬಂದಿಯ ನಗು ಹತ್ತಕ್ಕೆ ಎಷ್ಟು, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಒಟ್ಟು ಸುಖ ಹತ್ತಕ್ಕೆ ಎಷ್ಟು. ಆದರೆ ವಾಗ್ದೇವಿಗೆ ನಿನ್ನೆಯಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಅದಕ್ಕೆ ಕಾರಣ ಬಸ್ಸಲ್ಲ, ತಾನೇ ಬರೆದ ಒಂದು ಸಾಲು. ವರದಿಯ ಏಳನೆಯ ಪುಟದ ಒಂದೇ ಒಂದು ಸಾಲು.

ಮಾರ್ಲ ಮೋಟಾರ್ಸಿನ ಆಫೀಸಿನಲ್ಲಿ ಪಾಸು ಬರೆದುಕೊಡುವ ಕಿಟಕಿಯ ಹಿಂದೆ ಅವಳು ಹತ್ತೊಂಬತ್ತು ವರ್ಷದಿಂದ ಇದ್ದಳು. ಕಿಟಕಿ ಎಂದರೆ ಹಲಗೆಗೆ ಕೊರೆದ ಅರ್ಧಚಂದ್ರದಂಥ ತೂತು, ಅದರಲ್ಲಿ ಕೈ ಮಾತ್ರ ಹೊರಗೆ ಹೋಗುತ್ತದೆ. ಊರಿನ ಕಾಲೇಜು ಮಕ್ಕಳಿಗೆಲ್ಲ ಅವಳ ಕೈ ಗೊತ್ತು, ಮುಖ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಧಣಿ ಕಮಲಾಕ್ಷ ಮಾರ್ಲರು ಅವಳನ್ನು ಒಳಗೆ ಕರೆದು ಕುಳಿತುಕೊಳ್ಳಲು ಹೇಳಿದಾಗ ಅವಳು ಎಲ್ಲಿ ಕುಳಿತುಕೊಳ್ಳುವುದೆಂದು ತಿಳಿಯದೆ ನಿಂತೇ ಇದ್ದಳು. ಪಕ್ಕದಲ್ಲಿ ಅವರ ಮಗ ಶೋಧನ್, ಆರು ವರ್ಷ ದುಬೈಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಗಳ ಮುಗುಳ್ನಗೆ ಎಣಿಸುವ ಕೆಲಸ ಮಾಡಿ ಬಂದವನು, ಲ್ಯಾಪ್‌ಟಾಪು ತೆರೆದು ಕುಳಿತಿದ್ದ.

‘ವಾಗ್ದೇವಿಯವರೇ, ನಿಮ್ಮ ಗುರುತು ಯಾರಿಗೂ ಇಲ್ಲ ಅಲ್ಲವಾ?’ ಎಂದು ಮಾರ್ಲರು ಹೊಗಳುವವರ ಹಾಗೆ ಕೇಳಿದರು.

‘ಇಲ್ಲ.’

‘ಅದೇ ಬೇಕಾದದ್ದು. ಆ ಪಾಣೆಮಂಗಳೂರಿನವರ ಮುಂಜಾವು ಬಸ್ಸಿನಲ್ಲಿ ಎಂತ ಉಂಟು ಅಂತ ನೀವು ನೋಡಿಕೊಂಡು ಬರಬೇಕು. ರೆಕ್ಸಿನ್ ಹರಿದು ಹೋಗಿದೆ. ಕಿಟಕಿಯ ಗಾಜು ಇಳಿದರೆ ಏರುವುದಿಲ್ಲ. ಆದರೂ ಜನ ನೇತಾಡಿಕೊಂಡು ಹೋಗ್ತಾರೆ. ನಮ್ಮದರಲ್ಲಿ ಫ್ಯಾನು ತಿರುಗ್ತಾ ಉಂಟು, ಅದರ ಕೆಳಗೆ ಜನ ಇಲ್ಲ. ಹೆಂಗಸರು ಸರಕಾರಿ ಬಸ್ಸಿಗೆ ಹೋದರೆ ನನಗೆ ಅರ್ಥ ಆಗ್ತದೆ, ಅದು ಫ್ರೀ. ದುಡ್ಡು ಕೊಟ್ಟು ಕಷ್ಟಪಡ್ಲಿಕ್ಕೆ ಯಾಕೆ ಹೋಗುವುದು ಮಾರಾಯ?’

‘ಡ್ಯಾಡಿ, ಅದು ಎಕ್ಸ್‌ಪೀರಿಯೆನ್ಸ್’ ಎಂದ ಶೋಧನ್.

‘ಎಂತದೋ ಒಂದು. ಅದು ಎಲ್ಲಿ ಸಿಗ್ತದೆ ಅಂತ ನೋಡಿ ಬರಲಿ.’

ಮಾರ್ಲರ ದುಃಖ ಸುಳ್ಳಾಗಿರಲಿಲ್ಲ. ಒಂದು ವರ್ಷದಿಂದ ಆ ದಾರಿಯಲ್ಲಿ ಅವರು ಸುಖವನ್ನು ಸುರಿಯುತ್ತಲೇ ಇದ್ದರು. ಮೊದಲು ಹಿಂದಕ್ಕೆ ವಾಲುವ ಸೀಟು ಹಾಕಿಸಿದರು. ಮುಂದಿನವನು ವಾಲಿದರೆ ಹಿಂದಿನವನ ಮೊಣಕಾಲಿಗೆ ಬಡಿದು, ವೇಣೂರು ಬರುವುದರೊಳಗೆ ದಿನಕ್ಕೊಂದು ಜಗಳ. ಸುಗಂಧದ ಡಬ್ಬಿ ತೂಗಿಹಾಕಿದರು. ಮಲ್ಲಿಗೆ, ಡೀಸೆಲ್ ಎರಡೂ ಸೇರಿ, ಯಾವತ್ತೂ ವಾಂತಿ ಮಾಡದವರೂ ಮಾಡತೊಡಗಿದ ಮೇಲೆ ಆ ಚೀಲಗಳು ಬಂದವು. ನೀರಿನ ಬಾಟಲಿ ಕೊಟ್ಟರು. ಕುಡಿದವರು ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲಿಸಿ ಎಂದು ಕೇಳಿ, ಎಕ್ಸ್‌ಪ್ರೆಸ್ಸು ನಿಲ್ಲುವುದಿಲ್ಲ ಎಂದು ಬೈಸಿಕೊಂಡರು. ಟಿವಿ ಹಾಕಿದರು, ಅದರಲ್ಲಿ ಒಂದೇ ಹಾಸ್ಯ ನಾಟಕ ಒಂದೇ ಜಾಗದಲ್ಲಿ ನಗುತ್ತಾ ನಾಲ್ಕು ತಿಂಗಳು ಓಡಿತು. ಒಂದೊಂದು ಸುಖ ಏರಿದಾಗಲೂ ಹತ್ತು ಜನ ಇಳಿದು, ಹದಿನೈದು ನಿಮಿಷ ಹಿಂದೆ ಬರುವ ಮುಂಜಾವಿಗೆ ಹತ್ತುತ್ತಿದ್ದರು.

ಮೊದಲ ದಿನ ವಾಗ್ದೇವಿ ಕಳ್ಳತನಕ್ಕೆ ಹೊರಟವಳ ಹಾಗೆ ತಲೆಗೆ ಸೆರಗು ಎಳೆದುಕೊಂಡು ಮುಂಜಾವು ಹತ್ತಿದ್ದಳು. ಬಲಗಡೆಯ ಸೀಟೊಂದು ಖಾಲಿ ಕಂಡು ಕುಳಿತಳು. ಕಂಡಕ್ಟರ್ ಅರುವತ್ತರ ಆಸುಪಾಸಿನವನು, ಬಿಳಿ ಗಡ್ಡ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಎಲ್ಲರೂ ಅವನನ್ನು ಮೂಸಬ್ಬಣ್ಣ ಎಂದು ಕರೆಯುತ್ತಿದ್ದರು. ಟಿಕೇಟು ಕೊಡುವ ಮೊದಲು ಅವನು ಅವಳನ್ನೂ ಕಿಟಕಿಯನ್ನೂ ನೋಡಿ ಹೇಳಿದ:

‘ಅಕ್ಕ, ಬೆಳ್ತಂಗಡಿಗಾ? ಹಾಗಾದರೆ ಆಚೆ ಬನ್ನಿ. ವೇಣೂರಿನವರೆಗೆ ಈ ಬದಿಗೆ ಬಿಸಿಲು. ವೇಣೂರು ದಾಟಿದ ಮೇಲೆ ಬಿಸಿಲು ಆಚೆ ಬರ್ತದೆ, ಆಗ ನಿಮ್ಮನ್ನು ಈಚೆ ಕೂರಿಸುವ.’

ಅವಳು ಎದ್ದು ಎಡಗಡೆಗೆ ಹೋದಳು. ‘ತೊಂದರೆ ಇಲ್ಲ, ನನಗೆ ಎಲ್ಲಿಯಾದರೂ ಆದೀತು’ ಎಂಬ ಮಾತು ಅಭ್ಯಾಸಬಲದಿಂದ ಬಾಯಿಯವರೆಗೆ ಬಂದು, ಯಾಕೋ ಹೊರಗೆ ಬರಲಿಲ್ಲ. ಅದು ಅವಳ ಬದುಕಿನ ಮಾತು. ಅಣ್ಣ ದೇವಿಪ್ರಸಾದನ ಕಾರಿನಲ್ಲಿ ಅತ್ತಿಗೆಯೂ ಮಕ್ಕಳೂ ಕಿಟಕಿ ಹಿಡಿದ ಮೇಲೆ ಉಳಿಯುವ ನಡುವಿನ ಸೀಟು, ಕೆಳಗೆ ದಿಬ್ಬ ಇರುವುದರಿಂದ ಮೊಣಕಾಲು ಗಲ್ಲಕ್ಕೆ ಬರುತ್ತದೆ, ವಾಗ್ದೇವಿಗೆ ಎಲ್ಲಿಯಾದರೂ ಆದೀತು. ಮನೆಗೆ ನೆಂಟರು ಬಂದರೆ ಅವಳ ಕೋಣೆ, ಅವಳಿಗೆ ಎಲ್ಲಿಯಾದರೂ ಆದೀತು. ಅವಳು ಎಲ್ಲಿ ಕುಳಿತರೆ ಬಿಸಿಲು ಬೀಳುತ್ತದೆ ಎಂದು ಯಾರಾದರೂ ಯೋಚಿಸಿದ್ದು ಉಂಟೇ ಎಂದು ನೆನಪು ಕೆದಕುತ್ತಾ ಕೆದಕುತ್ತಾ ಪೆರಿಂಜೆ ದಾಟಿತು, ವೇಣೂರು ಬಂತು. ಮೂಸಬ್ಬ ಮರೆತಿರಲಿಲ್ಲ. ಬಲಗಡೆಯಲ್ಲಿದ್ದ ಒಬ್ಬ ಹುಡುಗನನ್ನು ಎಬ್ಬಿಸಿ, ಅವಳನ್ನು ಕೈಸನ್ನೆ ಮಾಡಿ ಕರೆದ. ಹರಿದ ರೆಕ್ಸಿನಿನ ಒಳಗಿನ ತೆಂಗಿನ ನಾರು ಸೀರೆಯ ಮೂಲಕ ಚುಚ್ಚುತ್ತಿತ್ತು. ಅವಳು ಫಾರ್ಮು ತೆಗೆದು ಸೀಟಿಗೆ ಹತ್ತಕ್ಕೆ ಎರಡು ಎಂದು ಬರೆದಳು, ಒಟ್ಟು ಸುಖದ ಮುಂದೆ ಹತ್ತು ಎಂದು ಬರೆದಳು. ಬರೆಯುವಾಗ ಕಣ್ಣು ಮಂಜಾಗಿ ಹತ್ತರ ಸೊನ್ನೆ ಸೊಟ್ಟಗಾಯಿತು.

ಶೋಧನಿಗೆ ಈ ಲೆಕ್ಕ ಹಿಡಿಸಲಿಲ್ಲ. ಸೀಟು ಎರಡು, ಗಾಳಿ ಮೂರು, ಒಟ್ಟು ಹತ್ತು ಹೇಗಾಗುತ್ತದೆ ಮೇಡಮ್, ಉದಾಹರಣೆ ಕೊಡಿ, ಡೀಟೇಲ್ ಕೊಡಿ ಎಂದ. ಅವಳು ದಿನಾ ಹೋಗಿ ಡೀಟೇಲ್ ತಂದಳು. ಮೂಸಬ್ಬ ಪಾತುಮ್ಮನಿಗೆ ಮೆಟ್ಟಿಲ ಕೆಳಗೆ ಮಣೆ ಇಡುತ್ತಾನೆ, ಆಕೆಯ ಮೊಣಕಾಲು ಬಾತಿದೆ. ಗರ್ಭಿಣಿ ಟೀಚರು ಹತ್ತಿದರೆ ಡ್ರೈವರಿಗೆ ಎರಡು ಸೀಟಿ ಊದುತ್ತಾನೆ, ಅಂದರೆ ಹಂಪಿನಲ್ಲಿ ನಿಧಾನ. ತಂಗಿಯ ಮದುವೆಗೆ ಓಡಾಡುವ ಹುಡುಗನ ಹತ್ತಿರ ಮದುವೆ ಮುಗಿಯುವವರೆಗೆ ಚಿಲ್ಲರೆ ಕೇಳುವುದಿಲ್ಲ. ಪೆರಿಂಜೆಯಲ್ಲಿ ನೀಲಾವತಿ ಎಂಬವಳು ಹತ್ತುತ್ತಾಳೆ, ಬೆಳ್ತಂಗಡಿಯಲ್ಲಿ ಬಟ್ಟೆ ಹೊಲಿಯುವವಳು. ಅವಳು ಟಿಕೇಟು ತೆಗೆದುಕೊಳ್ಳುವಾಗ ಮೂಸಬ್ಬನಿಗೆ ಮಾತ್ರ ಕೇಳುವ ಹಾಗೆ ಏನೋ ಹೇಳುತ್ತಾಳೆ. ಹಿಂದಿನ ಸೀಟಿನಲ್ಲಿದ್ದ ವಾಗ್ದೇವಿಗೂ ಅದು ಕೇಳಿಸಿತು. ‘ಇವತ್ತು ಎರಡು ತುತ್ತು ಉಂಡಳು’ ಅಂತ ಒಂದು ದಿನ. ‘ಬಾಗಿಲು ತೆಗೆಯಲಿಲ್ಲ’ ಅಂತ ಇನ್ನೊಂದು ದಿನ. ‘ಸುರಕ್ಷಾ ಗಂಡನನ್ನು ಬಿಟ್ಟು ಬಂದು ಇವತ್ತಿಗೆ ಆರು ತಿಂಗಳು’ ಅಂತ ಮತ್ತೊಂದು ದಿನ. ಮೂಸಬ್ಬ ಏನೂ ಹೇಳುವುದಿಲ್ಲ. ಟಿಕೇಟು ಹರಿದು ಕೊಟ್ಟು, ತಲೆಯಾಡಿಸಿ ಮುಂದೆ ಹೋಗುತ್ತಾನೆ. ಹತ್ತು ದಿನದಲ್ಲಿ ವಾಗ್ದೇವಿ ಎಲ್ಲವನ್ನೂ ಜೋಡಿಸಿಕೊಂಡಳು.

ಇಪ್ಪತ್ತೆರಡು ಪುಟದ ವರದಿಯಾಯಿತು. ರಾತ್ರಿಯೂಟದ ಪಾತ್ರೆ ತೊಳೆದು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಬರೆಯುವಾಗ ಅವಳಿಗೆ ಎಂದೂ ಇಲ್ಲದ ಒಂದು ಉಮೇದು. ಪಾಸಿನ ಮೇಲೆ ಹೆಸರು, ಊರು, ತಾರೀಕು ಬಿಟ್ಟು ಅವಳು ಬರೆದದ್ದೇನಾದರೂ ಇತ್ತೇ? ಈಗ ವಾಕ್ಯಗಳು ತಾವಾಗಿ ಬರುತ್ತಿದ್ದವು. ಏಳನೆಯ ಪುಟದಲ್ಲಿ ಅವಳು ಬರೆದಳು: ‘ನೀಲಾವತಿ, ಪೆರಿಂಜೆ. ಮಗಳು ಸುರಕ್ಷಾ ಗಂಡನನ್ನು ಬಿಟ್ಟು ಬಂದು ಆರು ತಿಂಗಳು. ಕೋಣೆಯಿಂದ ಹೊರಗೆ ಬರುವುದಿಲ್ಲ, ಊಟ ಮಾಡುವುದಿಲ್ಲ. ಕಂಡಕ್ಟರ್ ದಿನವೂ ವಿಚಾರಿಸುತ್ತಾನೆ.’ ವಿಚಾರಿಸುತ್ತಾನೆ ಎಂಬುದು ಸುಳ್ಳು. ಅವನು ಯಾವತ್ತೂ ಕೇಳಿದ್ದಿಲ್ಲ. ಆದರೆ ಸುಮ್ಮನೆ ತಲೆಯಾಡಿಸುತ್ತಾನೆ ಎಂದರೆ ಶೋಧನ್ ಅದಕ್ಕೆ ಹತ್ತಕ್ಕೆ ಎಷ್ಟು ಎಂದು ಕೇಳುವುದಿಲ್ಲವೇ? ವಾಕ್ಯ ಪೂರ್ತಿಯಾಗಬೇಕಿತ್ತು, ಹಾಗೆ ಬರೆದಳು.

‘ಮೇಡಮ್, ನೀವು ರೈಟರು’ ಎಂದ ಶೋಧನ್ ಓದಿ ಮುಗಿಸಿ. ಅವಳು ಆ ಮಾತನ್ನು ಮನೆಗೆ ಒಯ್ದು, ಯಾರಿಗೂ ಹೇಳದೆ ಒಂದು ವಾರ ಇಟ್ಟುಕೊಂಡಳು.

ಮಾರ್ಲರು ಮೂಸಬ್ಬನನ್ನೇ ಕರೆಸಿ ಹೆಚ್ಚು ಸಂಬಳಕ್ಕೆ ಬಾ ಎಂದರು. ಅವನು ಚಾ ಕುಡಿದು, ‘ನನಗೆ ಅಲ್ಲಿ ಅಭ್ಯಾಸ ಆಗಿದೆ ಧಣಿಗಳೇ’ ಎಂದು ನಗುತ್ತಾ ಎದ್ದು ಹೋದ. ಮಾರ್ಲರಿಗೆ ಅವಮಾನವಾಯಿತು. ಶೋಧನಿಗೆ ಆಗಲಿಲ್ಲ. ಮನುಷ್ಯ ಬರದಿದ್ದರೆ ಬೇಡ ಡ್ಯಾಡಿ, ಅವನ ತಲೆಯಲ್ಲಿ ಇದ್ದದ್ದು ನಮ್ಮ ಹತ್ತಿರ ಉಂಟಲ್ಲ ಎಂದ. ವರದಿಯಲ್ಲಿದ್ದ ಅರುವತ್ತಮೂರು ಪ್ರಯಾಣಿಕರನ್ನು ಕಂಡಕ್ಟರ್ ಮನ್ವಿತ್‌ನ ಫೋನಿಗೆ ಹಾಕಿಸಿದ. ಅರ್ಧ ದರದಲ್ಲಿ ಟಿಕೇಟು ಬೇಕಾದವರು ತಮ್ಮ ಮೊಬೈಲ್ ನಂಬರು ಕೊಡಬೇಕು. ನಂಬರು ಒತ್ತಿದರೆ ಅದು ಯಾರದೆಂದು ಫೋನೇ ಹುಡುಕಿ ಹೆಸರು ತೋರಿಸುತ್ತದೆ, ಹೆಸರಿನ ಕೆಳಗೆ ಅವರ ಕಷ್ಟ ಬರುತ್ತದೆ, ಕಷ್ಟದ ಕೆಳಗೆ ಕೇಳಬೇಕಾದ ಪ್ರಶ್ನೆ ಬರುತ್ತದೆ. ಇದೇ ಆತ್ಮೀಯ ಸೇವೆ. ನಿನ್ನೆ ಸಂಜೆ ಇದನ್ನೆಲ್ಲ ತಿಳಿದ ಮೇಲೆ ವಾಗ್ದೇವಿ, ಏಳನೆಯ ಪುಟದ ಸಾಲನ್ನು ತೆಗೆಯಿರಿ ಎಂದು ಹೇಳಲು ಶೋಧನನ ಬಾಗಿಲವರೆಗೆ ಹೋಗಿದ್ದಳು. ಅವನು ಫೋನಿನಲ್ಲಿದ್ದ. ಹುಬ್ಬೇರಿಸಿ ಏನು ಎಂದು ಕೇಳಿದ. ‘ಎಂತ ಇಲ್ಲ’ ಎಂದು ತಿರುಗಿ ಬಂದಳು.

ಈಗ ಬಸ್ಸು ಹೊರಟಿತು. ಇಪ್ಪತ್ತನಾಲ್ಕು ವರ್ಷದ ಮನ್ವಿತ್, ಕೊರಳಿಗೆ ಟೈ ಕಟ್ಟಿಸಿಕೊಂಡು, ಸಾಲಾಗಿ ಆತ್ಮೀಯನಾಗುತ್ತಾ ಬಂದ. ಅವನು ತುಳುವಿನಲ್ಲಿ ಕೇಳಿದ್ದರೆ ಅಷ್ಟೊಂದು ಕೆಡುತ್ತಿರಲಿಲ್ಲವೇನೋ. ಶೋಧನ್ ಬರೆಸಿದ್ದು ಗ್ರಂಥದ ಕನ್ನಡದಲ್ಲಿತ್ತು, ಟಿವಿಯ ಮೇಲಿಂದ ಕೇಳಿಸಬೇಕೆಂದು ಅವನು ಗಟ್ಟಿಯಾಗಿ ಓದುತ್ತಿದ್ದ. ‘ತಮ್ಮ ಮೂಲವ್ಯಾಧಿ ಈಗ ಹೇಗಿದೆ ಸರ್?’ ಎಂದು ಎರಡನೆಯ ಸಾಲಿನ ನಿವೃತ್ತ ಮೇಷ್ಟ್ರೊಬ್ಬರನ್ನು ಕೇಳಿದಾಗ ಅವರು ಪೇಪರನ್ನು ಮುಖಕ್ಕೆ ಹಿಡಿದು, ‘ಇಲ್ಲ, ಅದು ನಾನಲ್ಲ’ ಎಂದರು. ಹಿಂದೆ ಕಾಲೇಜು ಹುಡುಗರು ನಕ್ಕರು. ಟಿವಿಯ ನಾಟಕದಲ್ಲಿಯೂ ಅದೇ ಹೊತ್ತಿಗೆ ನಗು ಬಂತು. ವಾಗ್ದೇವಿ ಕಿಟಕಿಗೆ ಮುಖ ತಿರುಗಿಸಿ, ದೇವರೇ, ಪೆರಿಂಜೆಯಲ್ಲಿ ಅವಳು ನಿಂತಿರಬಾರದು, ನಿಂತಿದ್ದರೂ ಹತ್ತಬಾರದು, ಹತ್ತಿದರೂ ನಂಬರು ಕೊಡಬಾರದು ಎಂದು ಒಂದರ ಹಿಂದೆ ಒಂದು ಹರಕೆ ಇಳಿಸುತ್ತಾ ಹೋದಳು. ಪೆರಿಂಜೆಯಲ್ಲಿ ನೀಲಾವತಿ ನಿಂತಿದ್ದಳು. ನೀಲಿ ಚೀಲ ಹಿಡಿದು, ಬ್ಯಾನರು ಓದಿ, ಒಂದು ಕ್ಷಣ ಹಿಂದೆ ಮುಂದೆ ನೋಡಿ ಹತ್ತಿದಳು. ಅರ್ಧ ಟಿಕೇಟು ಯಾರಿಗೆ ಬೇಡ? ವಾಗ್ದೇವಿಯನ್ನು ಕಂಡು ಗುರುತಿನ ನಗೆ ನಕ್ಕು, ಅವಳ ಎದುರಿನ ಸಾಲಿನಲ್ಲೇ ಕುಳಿತಳು. ಜನ ಹೆಚ್ಚಿದ್ದರಿಂದ ಮನ್ವಿತ್ ಅವಳ ಹತ್ತಿರ ಬರುವಾಗ ವೇಣೂರು ದಾಟಿತ್ತು. ಅವಳು ನಂಬರು ಹೇಳಿದಳು.

‘ನೀಲಾವತಿ ಮೇಡಮ್, ನಮಸ್ಕಾರ. ತಮ್ಮ ಮಗಳು ಸುರಕ್ಷಾ ಗಂಡನ ಮನೆಗೆ ಹಿಂದಿರುಗಿದರೇ? ಇಂದು ಊಟ ಮಾಡಿದರೇ?’

ಬಸ್ಸಿನಲ್ಲಿ ಟಿವಿಯ ಸದ್ದೊಂದೇ ಉಳಿಯಿತು. ಮನ್ವಿತ್ ತಾನು ಓದಿದ್ದೇನೆಂದು ಆಮೇಲೆ ತಿಳಿದವನಂತೆ ಫೋನನ್ನೂ ಅವಳನ್ನೂ ನೋಡಿದ. ಅವನ ಕಿವಿ ಕೆಂಪಾಯಿತು. ಪಕ್ಕದ ಹೆಂಗಸು ಅನುಕಂಪದಿಂದ, ‘ಯಾವ ಊರಿಗೆ ಕೊಟ್ಟದ್ದು?’ ಎಂದು ಕೇಳಿದಳು. ನೀಲಾವತಿ ಚೀಲ ಎತ್ತಿಕೊಂಡು ಎದ್ದು ನಿಂತು, ‘ಇಳಿಯಲಿಕ್ಕುಂಟು’ ಎಂದಳು. ಅದು ಗರ್ಡಾಡಿಗೂ ಹಿಂದೆ, ಸ್ಟಾಪೇ ಅಲ್ಲದ ಜಾಗ. ಮನ್ವಿತ್ ಸೀಟಿ ಊದಲು ಮರೆತು ಬಾಗಿಲಿಗೆ ಬಡಿದ. ಬಸ್ಸು ನಿಂತಿತು, ಅವಳು ಇಳಿದಳು, ಬಸ್ಸು ಹೊರಟಿತು.

ವಾಗ್ದೇವಿ ಕುಳಿತೇ ಇದ್ದಳು. ಈಗ ಏಳಬೇಕು ಎಂದುಕೊಂಡಳು. ಒಂದು ತಿರುವು ಹೋಯಿತು. ಎದ್ದರೆ ಎಲ್ಲರೂ ನೋಡುತ್ತಾರೆ. ಇನ್ನೊಂದು ತಿರುವು ಹೋಯಿತು. ಮೆತ್ತಗಿನ ಸೀಟು ಆಗ ಅವಳನ್ನು ನಿಜವಾಗಿ ಹಿಡಿದುಕೊಂಡಿತ್ತು; ಬೆನ್ನು ತಾನಾಗಿ ಒರಗಿತ್ತು, ಅದು ಯಾವಾಗ ಒರಗಿತೆಂದು ಅವಳಿಗೆ ತಿಳಿಯದು. ತನ್ನ ಬೆನ್ನಿನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಆಗ ಎದ್ದಳು. ಮನ್ವಿತ್, ‘ನೀವೂನಾ ಅಕ್ಕ?’ ಎಂದು ಅಳುವವನ ಹಾಗೆ ಕೇಳಿದ.

ಅರ್ಧ ಮೈಲು ಹಿಂದಕ್ಕೆ ನಡೆಯಬೇಕಾಯಿತು. ನೀಲಾವತಿ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ. ಸೀರೆಗೆ ಅಂಟಿದ ಹುಲ್ಲುಬೀಜವನ್ನು ಒಂದೊಂದಾಗಿ ಕೀಳುತ್ತಿದ್ದಳು.

‘ನೀವೂ ಇಳಿದಿರಾ?’ ಎಂದಳು ತಲೆಯೆತ್ತದೆ. ‘ಒಳ್ಳೆಯದಾಯಿತು. ನಿಮ್ಮದು ಎಂತ ಓದಿದ?’

‘ನನ್ನದು ಎಂತ ಇಲ್ಲ.’

‘ಮೂಸಬ್ಬಣ್ಣ ಹೀಗೆ ಮಾಡ್ತಾರೆ ಅಂತ ನಾನು ಎಣಿಸಿರಲಿಲ್ಲ. ಅವರೊಬ್ಬರಿಗೇ ಹೇಳಿದ್ದು. ನೆರೆಮನೆಗೆ ಗೊತ್ತಿಲ್ಲ, ನನ್ನ ತಮ್ಮನಿಗೆ ಗೊತ್ತಿಲ್ಲ. ಗಂಡನ ಮನೆಯಲ್ಲೇ ಇದ್ದಾಳೆ ಅಂತ ಹೇಳಿಕೊಂಡು ಬಂದಿದ್ದೇನೆ. ಬಸ್ಸಿನಲ್ಲಿ ಅವಳ ಶಾಲೆಯ ಟೀಚರಿದ್ದರು, ನೋಡಿದಿರಾ? ನಾಲ್ಕನೇ ಸಾಲಿನಲ್ಲಿ.’

ಸುಮ್ಮನಿದ್ದರೆ ಸಾಕಿತ್ತು. ನೀಲಾವತಿಗೆ ಸಂಶಯವೇ ಇರಲಿಲ್ಲ. ಮೂಸಬ್ಬನೇ ಎಂದು ಅವಳು ತೀರ್ಮಾನ ಮಾಡಿ ಆಗಿತ್ತು, ವಾಗ್ದೇವಿ ಒಂದು ನಿಟ್ಟುಸಿರು ಬಿಟ್ಟು, ಈಗಿನ ಕಾಲವೇ ಹೀಗೆ ಎಂದರೆ ಮುಗಿಯಿತು. ಆ ಮಾತು ತುಟಿಯ ಹತ್ತಿರವೇ ಇತ್ತು, ಎಷ್ಟು ಹಿತವಾಗಿ ಇತ್ತು. ಅಷ್ಟರಲ್ಲಿ ವೇಣೂರಿನ ಕಡೆಯಿಂದ ಮುಂಜಾವು ಬಂದೇ ಬಂತು. ದೂರದಿಂದಲೇ ಮೂಸಬ್ಬ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ಇವರನ್ನು ಕಂಡು ಸೀಟಿ ಊದಿದ.

‘ಎಂತ ನೀಲಾವತಿಯಕ್ಕ, ಇಲ್ಲಿ? ಹುಷಾರಿಲ್ಲವಾ?’

‘ನನ್ನ ಮಗಳ ಸುದ್ದಿ ಮಾರ್ಲರಿಗೆ ಎಷ್ಟಕ್ಕೆ ಕೊಟ್ಟಿರಿ ಮೂಸಬ್ಬಣ್ಣ?’

ಕಿಟಕಿಗಳಲ್ಲಿ ಮುಖಗಳು ಸಾಲಾಗಿ ಹೊರಗೆ ಬಂದವು. ಮೂಸಬ್ಬ ಇಳಿದು ನಿಂತ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆದರೆ ಆ ದನಿ ಅರ್ಥವಾಗಿ ಅವನ ಮುಖದ ಬಣ್ಣ ಹೋಯಿತು. ಮಾರ್ಲರ ಆಫೀಸಿನಲ್ಲಿ ಚಾ ಕುಡಿದದ್ದು ಹತ್ತು ಜನಕ್ಕೆ ಗೊತ್ತಿತ್ತು. ಕಿಟಕಿಯಿಂದ ಒಬ್ಬ ಅದನ್ನು ಹೇಳಿಯೂ ಹೇಳಿದ.

‘ನಾನು’ ಎಂದಳು ವಾಗ್ದೇವಿ.

ಎಂಜಿನಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ‘ನಾನು ಬರೆದದ್ದು’ ಎಂದಳು. ‘ಎಂತದು?’ ಎಂದು ಡ್ರೈವರು ಕೇಳಿ, ಉಪಕಾರ ಮಾಡುವವನ ಹಾಗೆ ಎಂಜಿನು ಬಂದ್ ಮಾಡಿದ. ಈಗ ಮೂರನೆಯ ಸಲ, ಆ ನಿಶ್ಶಬ್ದದಲ್ಲಿ, ಶಾಲೆಯಲ್ಲಿ ಪದ್ಯ ಒಪ್ಪಿಸುವವಳಂತೆ ನಿಂತು ಹೇಳಬೇಕಾಯಿತು.

‘ನಾನು ಮಾರ್ಲ ಮೋಟಾರ್ಸಿನವಳು. ನಿಮ್ಮ ಬಸ್ಸಿನಲ್ಲಿ ಕೂತು, ಕೇಳಿಸಿಕೊಂಡು, ನಾನು ಬರೆದುಕೊಟ್ಟದ್ದು. ಇವರು ಯಾರಿಗೂ ಎಂತದೂ ಹೇಳಿಲ್ಲ. ಇವರು ಕೇಳಿದ್ದೂ ಇಲ್ಲ. ವಿಚಾರಿಸುತ್ತಾರೆ ಅಂತ ನಾನು ಸುಳ್ಳು ಬರೆದೆ.’

ಮೊದಲು ಮಾತಾಡಿದ್ದು ಮುಂದಿನ ಸೀಟಿನ ಪಾತುಮ್ಮ.

‘ನನ್ನ ಮೊಣಕಾಲನ್ನೂ ಬರೆದಿದ್ದೀಯಾ?’

‘ಬರೆದಿದ್ದೇನೆ.’

‘ಯಾವುದು ಅಂತ?’

‘ಎಡದ್ದು.’

‘ಬಲದ್ದು!’ ಎಂದಳು ಪಾತುಮ್ಮ ಕೋಪದಿಂದ. ‘ಅಷ್ಟು ದಿನ ಕೂತು ನೋಡಿದ್ದಂತೆ!’

ಹಿಂದೆ ಯಾರೋ ನಗಲು ಹೋಗಿ ನುಂಗಿಕೊಂಡರು. ನೀಲಾವತಿ ಈಗ ಮೊದಲ ಸಲ ವಾಗ್ದೇವಿಯ ಮುಖವನ್ನು ನೇರವಾಗಿ ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ವಾಗ್ದೇವಿ ಆಸೆಪಟ್ಟಳು. ನೀಲಾವತಿ ಎರಡನ್ನೂ ಮಾಡಲಿಲ್ಲ. ‘ಈಗ ಅದು ಆ ಫೋನಿನಲ್ಲಿ ಉಂಟಲ್ಲ’ ಎಂದಳು. ‘ನಾಳೆಯೂ ಇರ್ತದೆ. ಅದನ್ನು ಎಂತ ಮಾಡ್ತೀರಿ?’

ವಾಗ್ದೇವಿ ರಸ್ತೆಯ ಬದಿಯಲ್ಲಿ, ಐವತ್ತು ಜನರ ಎದುರು, ಶೋಧನಿಗೆ ಫೋನು ಮಾಡಿದಳು.

‘ಹಾಂ ಮೇಡಮ್, ಹೇಳಿ! ಒಟ್ಟು ಎಷ್ಟು ಬಂತು?’

‘ನಾನು ಬರೆದದ್ದನ್ನೆಲ್ಲ ಈಗಲೇ ತೆಗೆಯಿರಿ. ಇಲ್ಲದಿದ್ದರೆ ನಾಳೆಯಿಂದ ಕಿಟಕಿಯಲ್ಲಿ ನಾನು ಇಲ್ಲ.’

ಬದುಕಿನಲ್ಲಿ ಅವಳು ಹಾಕಿದ ಮೊದಲ ಬೆದರಿಕೆ ಅದು. ಶೋಧನ್ ಬಹಳ ಮೃದುವಾಗಿ, ದುಬೈಯ ಅತಿಥಿಯೊಬ್ಬರಿಗೆ ಕೋಣೆ ಖಾಲಿ ಇಲ್ಲವೆಂದು ತಿಳಿಸುವವನಂತೆ ಹೇಳಿದ: ‘ಮೇಡಮ್, ಕಿಟಕಿಯನ್ನೇ ಮುಂದಿನ ತಿಂಗಳು ತೆಗೆಯುವ ಅಂತ ಉಂಟು. ಪಾಸೆಲ್ಲ ಮೊಬೈಲಿನಲ್ಲೇ. ಡ್ಯಾಡಿ ನಿಮಗೆ ಹೇಳಲಿಲ್ಲವಾ?’

‘ಇಲ್ಲ.’

‘ಸಾರಿ ಮೇಡಮ್. ಆದರೆ ನಿಮ್ಮ ಫೀಡ್‌ಬ್ಯಾಕ್ ತುಂಬಾ ಒಳ್ಳೆಯದುಂಟು. ಅದನ್ನು ಸ್ವಲ್ಪ ಬರೆದು ಕೊಡ್ತೀರಾ?’

‘ಬರೆಯುವುದಿಲ್ಲ. ನೀವು ತೆಗೆಯುವವರೆಗೆ ಫೋನು ಇಡುವುದೂ ಇಲ್ಲ. ಇಲ್ಲಿ ಒಂದು ಬಸ್ಸು ಜನ ಕಾಯ್ತಾ ಇದ್ದಾರೆ.’

ಅವಳು ಫೋನನ್ನು ಕಿವಿಯಿಂದ ಇಳಿಸಿ, ಸ್ಪೀಕರ್ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಕೈಯಲ್ಲಿ ಹಿಡಿದುಕೊಂಡಳು. ಆ ಕಡೆ ಕೀಲಿಮಣೆ ಟಕಟಕ ಎಂದಿತು. ಮಾರ್ಲರ ದನಿ ದೂರದಲ್ಲಿ, ‘ಎಂತದಂತೆ ಅವಳಿಗೆ?’ ಎಂದು ಕೇಳಿತು. ‘ಆಯ್ತು ಮೇಡಮ್, ಡಿಲೀಟ್ ಮಾಡಿದೆ, ಎಲ್ಲ ಡಿಲೀಟ್’ ಎಂದ ಶೋಧನ್. ನಿಜವಾಗಿ ಮಾಡಿದನೋ, ಸುಮ್ಮನೆ ಟಕಟಕ ಮಾಡಿದನೋ ಹೇಳುವವರು ಯಾರು? ನೀಲಾವತಿ ಫೋನನ್ನೇ ಒಂದು ಗಳಿಗೆ ನೋಡಿ, ಎದ್ದು ಬಸ್ಸು ಹತ್ತಿದಳು. ವಾಗ್ದೇವಿಯನ್ನು ಯಾರೂ ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವಳೂ ಹತ್ತಿ, ಕಂಬ ಹಿಡಿದು ನಿಂತಳು.

ಮುಂಜಾವು ಹೊರಟಿತು. ಮೂಸಬ್ಬ ಟಿಕೇಟಿನ ಕಟ್ಟು ಹಿಡಿದು ನಡುವೆ ಬಂದ. ಮುಂದೆ ಹೋಗುವಾಗಲೂ ಹಿಂದೆ ಬರುವಾಗಲೂ ಒಬ್ಬರಲ್ಲ ಒಬ್ಬರು ಅವನ ತೋಳು ಹಿಡಿದು ಏನಾದರೊಂದು ಹೇಳುವುದು ಆ ಬಸ್ಸಿನ ಕ್ರಮ. ಇವತ್ತು ಗರ್ಡಾಡಿಯಲ್ಲಿ ಹತ್ತಿದವರು ಊರ ಹೆಸರು ಮಾತ್ರ ಹೇಳಿದರು. ಒಳಗಿದ್ದವರ ಮುಖ ನೋಡಿ ಅವರಿಗೂ ಏನೋ ಅಂಟಿಕೊಂಡಿರಬೇಕು. ಗರ್ಭಿಣಿ ಟೀಚರು ಹೊಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿದಳು. ತಂಗಿಯ ಮದುವೆಯ ಹುಡುಗ ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟ. ಪಾತುಮ್ಮ ಕೂಡ ಹೊರಗೆ ನೋಡುತ್ತಿದ್ದಳು. ಗುರುವಾಯನಕೆರೆಯವರೆಗೆ ಬಸ್ಸಿನ ಗಾಜುಗಳು ಅದುರುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ಅದು ಇಷ್ಟು ದೊಡ್ಡ ಸದ್ದೆಂದು ವಾಗ್ದೇವಿಗೆ ಇದುವರೆಗೆ ಗೊತ್ತೇ ಇರಲಿಲ್ಲ. ತಾನು ಒಬ್ಬಳ ಗುಟ್ಟನ್ನು ಮಾತ್ರ ಕದ್ದೆ ಎಂದುಕೊಂಡಿದ್ದಳು. ನೀಲಾವತಿ ಟಿಕೇಟಿಗೆ ಹಣ ಚಾಚಿದಾಗ ಮೂಸಬ್ಬ ಅಭ್ಯಾಸದಂತೆ ಸ್ವಲ್ಪ ಬಾಗಿ ನಿಂತ. ಅವಳು ಏನೂ ಹೇಳಲಿಲ್ಲ. ಅವನು ಇನ್ನೂ ಒಂದು ಕ್ಷಣ ಬಾಗಿಯೇ ಇದ್ದು, ತಲೆಯಾಡಿಸದೆ ಮುಂದೆ ಬಂದ.

ವಾಗ್ದೇವಿಯ ಸರದಿ ಬಂತು. ಅವಳು ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವನ ಕಣ್ಣಿನಲ್ಲಿ ಸಿಟ್ಟು ಹುಡುಕಿದಳು, ಸಿಕ್ಕಲಿಲ್ಲ. ವಯಸ್ಸಾದವರು ಹೊಸ ಊರಿನಲ್ಲಿ ದಾರಿ ನೋಡುವ ಹಾಗೆ ಅವನು ನೋಡುತ್ತಿದ್ದ. ಅವಳ ಬೆವರಿದ ಮುಖ, ಅರ್ಧ ಮೈಲು ನಡೆದು ಕೆಂಪು ಮಣ್ಣು ಮೆತ್ತಿದ ಕಾಲು ಅವನಿಗೆ ಕಂಡಿತು.

‘ಅಕ್ಕ, ನಿಮಗೆ...’ ಎಂದು ನೆರಳಿನ ಬದಿಯ ಸೀಟುಗಳ ಕಡೆ ನೋಡಿ ಶುರು ಮಾಡಿದ.

ಅಲ್ಲಿಗೇ ನಿಲ್ಲಿಸಿದ. ಟಿಕೇಟು ಹರಿದು ಅವಳ ಕೈಗಿಟ್ಟು, ಸೀಟಿಯನ್ನು ಬಾಯಿಗೆ ಹಾಕಿಕೊಂಡು, ಊದದೆ, ಬಾಗಿಲಿನ ಹತ್ತಿರ ಹೋಗಿ ಹೊರಗೆ ಮುಖ ಮಾಡಿ ನಿಂತ.